ಅಳುವ ಕೂಸಿಗೆ ಓಗೊಡುವವರು

ಮಗು ಹುಟ್ಟಿ ತಿಂಗಳು ಕಳೆಯುವುದರೊಳಗೆ ನಮ್ಮ ಕಡೆಯ ಬಾಣಂತಿಯರು ಒಂದಕ್ಕೊಂದು ತದ್ವಿರುದ್ಧವಾದ ಎರಡು ಬುದ್ಧಿಮಾತುಗಳನ್ನು ಕೇಳಿಸಿಕೊಂಡಿರುತ್ತಾರೆ. “ಕೂಸನ್ನ ಅಳಿಸಬೇಡ ಕಣಮ್ಮ, ಎತ್ಕೊ” ಎನ್ನುವುದು ಒಂದು. “ಎತ್ಕೊಂಡು ಎತ್ಕೊಂಡು ಕೈ ರೂಢಿ ಮಾಡಿಸಬೇಡ, ಆಮೇಲೆ ನಿನಗೇ ಕಷ್ಟ” ಎನ್ನುವುದು ಇನ್ನೊಂದು. ಚಿಕ್ಕಬಳ್ಳಾಪುರದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಮನಶ್ಶಾಸ್ತ್ರ ಕಲಿಸುವವಳಾದ್ದರಿಂದ, ನೆಂಟರ ಮನೆಗೆ ನಾಮಕರಣಕ್ಕೆ ಹೋದಾಗಲೂ, ತರಗತಿ ಮುಗಿದ ಮೇಲೆ ಮದುವೆಯಾದ ವಿದ್ಯಾರ್ಥಿನಿಯರು ಮೇಜಿನ ಬಳಿ ಬಂದು ನಿಂತಾಗಲೂ, ಇವೆರಡರಲ್ಲಿ ಯಾವುದು ಸರಿ ಎಂಬ ಪ್ರಶ್ನೆ ನನ್ನ ಮುಂದೆ ಬರುತ್ತದೆ. ಆ ಪ್ರಶ್ನೆಯ ಬೆನ್ನಿಗೆ ಇನ್ನೊಂದು ಭಯವೂ ಇರುತ್ತದೆ. ಮೊದಲ ಎರಡು ವರ್ಷದಲ್ಲಿ ತಾಯಿ ಮಾಡಿದ್ದೇ ಮಗುವಿನ ಹಣೆಬರಹವಂತೆ, ಮನಶ್ಶಾಸ್ತ್ರವೇ ಹಾಗೆ ಹೇಳುತ್ತದಂತೆ, ನಿಜವೇ ಮೇಡಂ ಎಂದು ಅವರು ಕೇಳುತ್ತಾರೆ. ಮಗುವಿಗೆ ಏನೇನು ಬೇಕು ಎಂಬುದನ್ನು ಸಂಶೋಧನೆ ಸಾಕಷ್ಟು ವಿವರವಾಗಿ ತೋರಿಸಿಕೊಟ್ಟಿದೆ, ಆದರೆ ಅದನ್ನೆಲ್ಲ ಹೆತ್ತವಳೊಬ್ಬಳೇ ಒದಗಿಸಬೇಕು ಎಂಬ ತೀರ್ಪನ್ನು ಅದಕ್ಕೆ ಅಂಟಿಸಿದವರು ನಾವು. ಈ ಮಾತನ್ನು ಆಧಾರ ಸಮೇತ ಒಂದು ಕಡೆ ಬರೆದಿಡಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿತ್ತು.

ಕೈ ರೂಢಿಯಾಗುತ್ತದೆ ಎಂಬ ಭಯಕ್ಕೆ ಒಂದು ಕಾಲದಲ್ಲಿ ವಿಜ್ಞಾನದ ಮುದ್ರೆಯೇ ಇತ್ತು. ಹೊರಗೆ ಕಾಣುವ ನಡವಳಿಕೆಯನ್ನಷ್ಟೇ ಅಧ್ಯಯನ ಮಾಡಬೇಕೆನ್ನುವ ವರ್ತನಾವಾದದ ಸ್ಥಾಪಕರಾದ ಅಮೆರಿಕದ ಜಾನ್ ವಾಟ್ಸನ್ 1928ರಲ್ಲಿ ತಂದೆತಾಯಿಯರಿಗಾಗಿ ಬರೆದ ಪುಸ್ತಕದಲ್ಲಿ, ಮಕ್ಕಳನ್ನು ಅಪ್ಪಿಕೊಳ್ಳಬಾರದು, ಮುದ್ದಿಸಬಾರದು, ತಡೆಯಲಾಗದಿದ್ದರೆ ರಾತ್ರಿ ಮಲಗುವಾಗ ಹಣೆಗೆ ಒಂದೇ ಒಂದು ಮುತ್ತು ಕೊಡಬಹುದು, ಬೆಳಿಗ್ಗೆ ಕೈಕುಲುಕಿದರೆ ಸಾಕು ಎಂದು ಉಪದೇಶಿಸಿದ್ದರು. ಸೋಂಕಿನ ಭಯದಿಂದ ಆಸ್ಪತ್ರೆಗಳೂ ಅನಾಥಾಲಯಗಳೂ ಮಕ್ಕಳನ್ನು ಮುಟ್ಟದೆ, ಒಬ್ಬರಿಂದೊಬ್ಬರನ್ನು ದೂರವಿಟ್ಟು ಬೆಳೆಸುತ್ತಿದ್ದ ಕಾಲ ಅದು. 1945ರಲ್ಲಿ ರೆನೆ ಸ್ಪಿಟ್ಸ್ ಎಂಬ ಮನೋವೈದ್ಯರು ಎರಡು ಜಾಗಗಳ ಕೂಸುಗಳನ್ನು ಹೋಲಿಸಿ ಬರೆದರು. ಒಂದು, ಶುಚಿತ್ವಕ್ಕೂ ಆಹಾರಕ್ಕೂ ಕೊರತೆಯಿಲ್ಲದ, ಆದರೆ ಸುಮಾರು ಎಂಟು ಮಕ್ಕಳಿಗೆ ಒಬ್ಬ ದಾದಿಯಿದ್ದ ಅನಾಥಾಲಯ. ಇನ್ನೊಂದು, ಹೆಣ್ಣು ಕೈದಿಗಳು ತಮ್ಮ ಮಕ್ಕಳನ್ನು ತಾವೇ ನೋಡಿಕೊಳ್ಳುತ್ತಿದ್ದ ಸೆರೆಮನೆಯ ಶಿಶುಮಂದಿರ. ಸೆರೆಮನೆಯ ಮಕ್ಕಳು ಬೆಳೆದು ಓಡಾಡಿಕೊಂಡಿದ್ದರೆ, ಅನಾಥಾಲಯದ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಎರಡು ವರ್ಷದೊಳಗೆ ತೀರಿಕೊಂಡಿದ್ದರು. ಸ್ಪಿಟ್ಸ್ ಅವರ ವಿಧಾನದಲ್ಲಿ ದೋಷಗಳಿದ್ದವು ಎಂದು ಮುಂದಿನವರು ತೋರಿಸಿದ್ದು ಹೌದಾದರೂ, ಅವರು ಹೇಳಿದ್ದರ ತಿರುಳು ರೊಮೇನಿಯಾದಲ್ಲಿ ಮತ್ತೆ ಗಟ್ಟಿಯಾಯಿತು. ಬುಕಾರೆಸ್ಟ್ ನಗರದ ಅನಾಥಾಲಯಗಳಲ್ಲಿದ್ದ 136 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ ಸಾಕು ಮನೆಗಳಿಗೆ ಕಳಿಸಿ, ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನ ಅದು. ಸಾಕು ಮನೆಗೆ ಹೋದ ಮಕ್ಕಳ ಬುದ್ಧಿಯ ಬೆಳವಣಿಗೆ ಚೇತರಿಸಿಕೊಂಡಿತು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರದು ಹೆಚ್ಚು. ಇಲ್ಲಿ ಗಮನಿಸಬೇಕಾದದ್ದು, ಆ ಮಕ್ಕಳನ್ನು ಚೇತರಿಸಿದವರು ಹೆತ್ತ ತಾಯಂದಿರಲ್ಲ, ಸಾಕಿದವರು.

ಈ ಎಲ್ಲ ಚರ್ಚೆಗೆ ಸಿದ್ಧಾಂತದ ರೂಪ ಕೊಟ್ಟವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೋಲ್ಬಿ. ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಅವರು ಬರೆದ ವರದಿ ಜಗತ್ತಿನಾದ್ಯಂತ ಮಕ್ಕಳ ವಾರ್ಡುಗಳ ನಿಯಮಗಳನ್ನೇ ಬದಲಿಸಿತು. ಕೂಸಿಗೆ ತಾಯಿಯೊಂದಿಗೆ, ಇಲ್ಲವೇ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಲ್ಲುವ ಇನ್ನೊಬ್ಬರೊಂದಿಗೆ, ಬೆಚ್ಚನೆಯ ಮತ್ತು ಕಡಿದುಹೋಗದ ನಂಟು ಬೇಕು ಎಂಬುದು ಅದರ ಮುಖ್ಯ ಮಾತು. ಜನ ಉಳಿಸಿಕೊಂಡದ್ದು ಆ ವಾಕ್ಯದ ಮೊದಲರ್ಧವನ್ನು ಮಾತ್ರ. ‘ಇಲ್ಲವೇ’ ಎಂದು ಶುರುವಾಗುವ ಭಾಗ ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ಬಿದ್ದುಹೋಗಿ, ಕೆಲಸಕ್ಕೆ ಹೋಗುವ ಹೆಂಗಸರನ್ನೆಲ್ಲ ಕಟಕಟೆಯಲ್ಲಿ ನಿಲ್ಲಿಸುವ ವಾದವೊಂದು ಹುಟ್ಟಿಕೊಂಡಿತು. ಬೋಲ್ಬಿಯವರ ಬರವಣಿಗೆಯೂ ಅದಕ್ಕೆ ಸ್ವಲ್ಪ ಎಡೆಮಾಡಿಕೊಟ್ಟಿತ್ತು ಎಂದೇ ನಾನು ಭಾವಿಸುತ್ತೇನೆ. ಒಬ್ಬರ ಕಡೆಗೆ ಮಾತ್ರ ಮಗುವಿನ ಸೆಳೆತ ಎಂಬ ಕಲ್ಪನೆಯ ಮೇಲೆ ಅವರು ಅಗತ್ಯಕ್ಕಿಂತ ಹೆಚ್ಚು ಭಾರ ಹಾಕಿದ್ದರು.

ಆ ಭಾರವನ್ನು ಇಳಿಸಿದ್ದು, ನನ್ನ ಓದಿನ ಮಟ್ಟಿಗೆ, ಆಫ್ರಿಕಾದ ಹಳ್ಳಿಗಳಲ್ಲಿ ನಡೆದ ಕೆಲಸ. ಬೋಲ್ಬಿಯವರ ಸಹೋದ್ಯೋಗಿಯಾಗಿದ್ದ ಮೇರಿ ಐನ್ಸ್‌ವರ್ತ್, ಗಂಡನ ಕೆಲಸದ ಕಾರಣ 1954ರಲ್ಲಿ ಉಗಾಂಡಾಕ್ಕೆ ಹೋಗಿ, ಕಂಪಾಲಾ ಸುತ್ತಲ ಹಳ್ಳಿಗಳ 26 ಕುಟುಂಬಗಳ ಕೂಸುಗಳನ್ನು ತಿಂಗಳುಗಟ್ಟಲೆ ಮನೆಮನೆಗೆ ಹೋಗಿ ನೋಡಿದರು. ಪ್ರಯೋಗಶಾಲೆ ಇರಲಿಲ್ಲ. ಪಡಸಾಲೆಯಲ್ಲಿ ಕೂತು, ದುಭಾಷಿಯ ಸಹಾಯದಿಂದ ಮಾತಾಡಿಸುತ್ತಾ, ಮಗು ಯಾರ ಕಡೆ ತೆವಳುತ್ತದೆ, ಯಾರು ಎದ್ದು ಹೋದರೆ ಅಳುತ್ತದೆ, ಯಾರ ಮಡಿಲಿಗೆ ಬಂದರೆ ಸುಮ್ಮನಾಗುತ್ತದೆ ಎಂದು ಬರೆದುಕೊಂಡರು. ಅಲ್ಲಿ ಕೂಸುಗಳನ್ನು ತಾಯಿಯ ಜೊತೆಗೆ ಬೇರೆಯವರೂ ಎತ್ತಿ ಆಡಿಸುತ್ತಿದ್ದರು. ಅನೇಕ ಕೈಗಳಲ್ಲಿ ಬೆಳೆದ ಮಾತ್ರಕ್ಕೆ ಮಗುವಿನ ಬಾಂಧವ್ಯ ಸಡಿಲವಾಗುತ್ತದೆ ಎನ್ನುವುದಕ್ಕೆ ಐನ್ಸ್‌ವರ್ತ್ ಅವರಿಗೆ ಆಧಾರ ಸಿಗಲಿಲ್ಲ. ತಾಯಿ ಎಷ್ಟು ಮಮತೆ ತೋರುತ್ತಾಳೆ ಎಂದು ಅಳೆದ ಅಂಕಗಳೂ ಹೆಚ್ಚೇನೂ ಹೇಳಲಿಲ್ಲ. ಅವರು ನಿರೀಕ್ಷಿಸಿರದ ಒಂದು ಅಂಶ ಮಾತ್ರ ಮುಂದೆ ಬಂತು. ತನ್ನ ಮಗುವಿನ ಬಗ್ಗೆ ಕೇಳಿದಾಗ ತಾನಾಗಿಯೇ ಸಣ್ಣ ಸಣ್ಣ ವಿವರಗಳನ್ನು ಹೇಳಬಲ್ಲ ತಾಯಿಯ ಮಗು, ಬಾಂಧವ್ಯದಲ್ಲಿ ಸುಭದ್ರವಾಗಿರುವ, ಅಂದರೆ ಆ ನಂಟನ್ನು ನೆಚ್ಚಿ ನೆಮ್ಮದಿಯಾಗಿರುವ, ಸಾಧ್ಯತೆ ಹೆಚ್ಚಾಗಿತ್ತು.

ಇದನ್ನು ಓದಿದ ಮೇಲೆ ನಾನು ಬಾಣಂತಿಯರನ್ನು ಮಾತಾಡಿಸುವ ರೀತಿಯೇ ಬದಲಾಯಿತು. ನಮ್ಮ ಅಣ್ಣನ ಮನೆ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಅವರ ಸೊಸೆಯನ್ನು “ಮಗು ಹೇಗಿದೆ?” ಎಂದು ಕೇಳುವ ಬದಲು “ಇವಳ ಅಳು ಹೇಗಿರುತ್ತದೆ?” ಎಂದು ಕೇಳಿದೆ. ಹಸಿವಾದರೆ ಮೊದಲು ಬಾಯಿ ಚಪ್ಪರಿಸಿ, ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು, ಆಮೇಲೆ ಬಿಟ್ಟು ಬಿಟ್ಟು ಅಳುತ್ತಾಳೆ. ನಿದ್ದೆ ಬಂದರೆ ಕಿವಿ ಉಜ್ಜಿಕೊಂಡು ರಾಗ ಎಳೆಯುತ್ತಾಳೆ. ಹೊಟ್ಟೆನೋವಾದರೆ ಕಾಲು ಮಡಚಿ ಒಂದೇ ಸಮನೆ ಕಿರುಚುತ್ತಾಳೆ. ಹೊಸಬರು ಬಂದರೆ ಅಳುವುದಿಲ್ಲ, ಅಜ್ಜಿಯ ಸೆರಗಿನೊಳಗೆ ಮುಖ ಇಟ್ಟುಕೊಂಡು ಒಂದೇ ಕಣ್ಣಲ್ಲಿ ನೋಡುತ್ತಾಳೆ. ಹತ್ತನೇ ತರಗತಿಗೆ ಓದು ನಿಲ್ಲಿಸಿದ ಆ ಹುಡುಗಿ ಇಷ್ಟನ್ನೂ ಉಸಿರು ಬಿಡದೆ ಹೇಳಿದಳು. ಮುಂದೆ ಐನ್ಸ್‌ವರ್ತ್ ‘ಸ್ಪಂದನಶೀಲತೆ’ ಎಂದು ಹೆಸರಿಟ್ಟು ಅಳೆಯಲು ಹೊರಟದ್ದು ಈ ಬಗೆಯ ತಿಳಿವಳಿಕೆಯನ್ನೇ. ಮಗುವಿನ ಸೂಚನೆಯನ್ನು ಗಮನಿಸುವುದು, ಅದರ ಅರ್ಥವನ್ನು ಸರಿಯಾಗಿ ಹಿಡಿಯುವುದು, ತಕ್ಕ ರೀತಿಯಲ್ಲಿ, ತೀರಾ ತಡಮಾಡದೆ ಓಗೊಡುವುದು. ಇದಕ್ಕೆ ಹಣವಾಗಲೀ ಪದವಿಯಾಗಲೀ ಬೇಕಿಲ್ಲ, ಆದರೆ ಮಗುವಿನ ಹತ್ತಿರ ಇರಲು ಹೊತ್ತು ಬೇಕು, ಗಮನಿಸುವಷ್ಟು ನೆಮ್ಮದಿ ಬೇಕು.

ಅಮೆರಿಕಕ್ಕೆ ಹೋದ ಮೇಲೆ ಐನ್ಸ್‌ವರ್ತ್ ಬಾಲ್ಟಿಮೋರ್ ನಗರದಲ್ಲಿ ಮತ್ತೆ 26 ಕುಟುಂಬಗಳನ್ನು ಆರಿಸಿಕೊಂಡು, ಮಗುವಿನ ಮೊದಲ ವರ್ಷವಿಡೀ ಒಂದೊಂದು ಮನೆಯಲ್ಲೂ ಸುಮಾರು 72 ಗಂಟೆ ಕೂತು ನೋಡಿ, ಕೊನೆಗೆ ‘ಅಪರಿಚಿತ ಸನ್ನಿವೇಶ’ ಎಂಬ ಇಪ್ಪತ್ತು ನಿಮಿಷಗಳ ಪರೀಕ್ಷೆಯನ್ನು ರೂಪಿಸಿದರು. ವರ್ಷದ ಮಗುವನ್ನು ಆಟಿಕೆಗಳಿರುವ ಹೊಸ ಕೋಣೆಯಲ್ಲಿ ಬಿಟ್ಟು, ತಾಯಿ ಒಂದೆರಡು ಬಾರಿ ಹೊರಗೆ ಹೋಗಿ ಬರುತ್ತಾಳೆ. ಅವಳು ಹೋದಾಗ ಮಗು ಎಷ್ಟು ಅತ್ತಿತು ಎಂಬುದಕ್ಕಿಂತ, ಮರಳಿ ಬಂದಾಗ ಅವಳನ್ನು ಹೇಗೆ ಬರಮಾಡಿಕೊಂಡಿತು ಎಂಬುದೇ ಇಲ್ಲಿ ಮುಖ್ಯ. ಹತ್ತಿರ ಬಂದು ಸಮಾಧಾನಗೊಂಡು ಮತ್ತೆ ಆಟಕ್ಕೆ ಮರಳುವ ಮಕ್ಕಳನ್ನು ಸುಭದ್ರರೆಂದೂ, ಮುಖ ತಿರುಗಿಸುವವರನ್ನು ವಿಮುಖರೆಂದೂ, ಅಂಟಿಕೊಂಡೇ ಸಿಟ್ಟು ತೋರುವವರನ್ನು ದ್ವಂದ್ವದವರೆಂದೂ ವಿಂಗಡಿಸಿದರು. ಈ ಮೂರು ಹೆಸರುಗಳು ಈಗ ಮೊಬೈಲಿನ ವಿಡಿಯೊಗಳಲ್ಲಿ ರಾಶಿಫಲದ ಹಾಗೆ ಹರಿದಾಡುತ್ತಿವೆ. ಸಂಶೋಧಕರು ಅಷ್ಟು ಧೈರ್ಯದಿಂದ ಮಾತಾಡುವುದಿಲ್ಲ. ಎಂಟು ದೇಶಗಳ 32 ಅಧ್ಯಯನಗಳನ್ನು 1988ರಲ್ಲಿ ಒಟ್ಟುಗೂಡಿಸಿ ನೋಡಿದ ಇಬ್ಬರು ಡಚ್ ವಿದ್ವಾಂಸರಿಗೆ, ದೇಶ ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೊಂದು ದೇಶದ ಒಳಗಿನ ವ್ಯತ್ಯಾಸವೇ ಸುಮಾರು ಒಂದೂವರೆ ಪಟ್ಟು ಹೆಚ್ಚು ಕಂಡಿತು. ಆ ಎಂಟರಲ್ಲಿ ಭಾರತ ಇರಲಿಲ್ಲ ಎಂಬುದನ್ನು ನಾವು ಮರೆಯಬಾರದು. 1997ರಲ್ಲಿ 66 ಅಧ್ಯಯನಗಳನ್ನು ಕೂಡಿಸಿ, ತಾಯಿಯ ಸ್ಪಂದನೆಗೂ ಮಗುವಿನ ಸುಭದ್ರತೆಗೂ ಎಷ್ಟು ಸಂಬಂಧ ಎಂದು ಲೆಕ್ಕ ಹಾಕಿದಾಗ ಬಂದ ಸಹಸಂಬಂಧಾಂಕ 0.24 (ಸಂಬಂಧವೇ ಇಲ್ಲದಿದ್ದರೆ ಈ ಅಂಕ 0, ಪೂರ್ತಿ ಇದ್ದರೆ 1). ಸಂಬಂಧ ಇದೆ, ಅದು ನಿಜವಾದದ್ದು, ಆದರೆ ಸಾಧಾರಣ ಪ್ರಮಾಣದ್ದು. ಮಗುವಿನ ಜಾಯಮಾನ, ಮನೆಯ ಬಡತನ, ತಾಯಿಯ ಆರೋಗ್ಯ, ಜೊತೆಗಿರುವ ಇತರರು, ಇವೆಲ್ಲ ಉಳಿದ ಜಾಗದಲ್ಲಿ ಕೂತಿವೆ. ಈ ಅಂಕಿಯನ್ನು ನಾನು ಪ್ರತಿ ವರ್ಷವೂ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತೇನೆ.

ಜೊತೆಗಿರುವ ಇತರರು ಎಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ 60 ಕೂಸುಗಳನ್ನು ಹಿಂಬಾಲಿಸಿ ಶಾಫರ್ ಮತ್ತು ಎಮರ್ಸನ್ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿನೆಂಟು ತಿಂಗಳ ಹೊತ್ತಿಗೆ ಒಬ್ಬರನ್ನು ಮಾತ್ರ ನೆಚ್ಚಿಕೊಂಡಿದ್ದ ಮಕ್ಕಳು ಶೇ. 13 ಮಾತ್ರ. ಸುಮಾರು ಮೂರನೇ ಒಂದು ಭಾಗದ ಮಕ್ಕಳು ಐದು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಹಚ್ಚಿಕೊಂಡಿದ್ದರು. ಉಣಿಸಿ, ಸ್ನಾನ ಮಾಡಿಸಿ, ಬಟ್ಟೆ ಬದಲಿಸುವವರೇ ಮಗುವಿಗೆ ಎಲ್ಲರಿಗಿಂತ ಹತ್ತಿರದವರಾಗಿರುತ್ತಾರೆ ಎಂಬ ನಂಬಿಕೆಯೂ ಅಲ್ಲಿ ಅಲುಗಾಡಿತು. ಶೇ. 39 ಮಕ್ಕಳ ಮಟ್ಟಿಗೆ ಅತಿ ಹತ್ತಿರದವರು ಬೇರೊಬ್ಬರಾಗಿದ್ದರು, ಅಂದರೆ ಕರೆದಾಗ ಓಗೊಟ್ಟು ಮಾತಾಡಿಸಿ ಆಡಿಸುವವರು.

ನಮ್ಮ ರೇಷ್ಮೆ ಹಳ್ಳಿಗಳಲ್ಲಿ ಇದು ಕಣ್ಣೆದುರಿಗೇ ಕಾಣುತ್ತದೆ. ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ನಿದ್ದೆಯಿಂದ) ಎದ್ದ ಮೇಲೆ ಒಂದು ವಾರ ಮನೆಯ ಯಾರಿಗೂ ಬಿಡುವಿರುವುದಿಲ್ಲ, ಏಕೆಂದರೆ ಒಂದು ಬೆಳೆಯಲ್ಲಿ ಹುಳು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ತಿನ್ನುವುದು ಆ ದಿನಗಳಲ್ಲೇ. ಬೆಳಗಿನ ಜಾವಕ್ಕೆ ಸೊಪ್ಪು ಕೊಯ್ಯಬೇಕು, ರಾತ್ರಿಯೂ ಎದ್ದು ಹಾಕಬೇಕು, ಹುಳು ಹಣ್ಣಾಗುತ್ತಿದ್ದಂತೆ ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಅಣ್ಣನ ಮನೆಯಲ್ಲಿ ಆ ವಾರ ಮಗು ಅಜ್ಜಿಯ ಕೈಯಿಂದ ಮುತ್ತಜ್ಜಿಯ ಮಡಿಲಿಗೆ, ಅಲ್ಲಿಂದ ಪಕ್ಕದ ಮನೆಯ ದೊಡ್ಡಮ್ಮನ ಸೊಂಟಕ್ಕೆ ಹೋಗುತ್ತದೆ, ತಾಯಿ ಹಾಲು ಕುಡಿಸಲು ಹುಳುಮನೆಯಿಂದ ಕೈ ತೊಳೆದುಕೊಂಡು ಬಂದು ಹೋಗುತ್ತಾಳೆ. ಆ ಮೂವರೂ ಮಗುವಿಗೆ ಗೊತ್ತಿರುವವರು, ಮೂವರಿಗೂ ಅದರ ಅಳು ಗೊತ್ತು. ಈ ಏರ್ಪಾಟನ್ನು ನೋಡಿ ತಾಯಿ ಮಗುವನ್ನು ಬಿಟ್ಟಳು ಎಂದು ಯಾವ ಸಂಶೋಧನೆಯ ಹೆಸರಲ್ಲೂ ಹೇಳಲಾಗದು. ಇದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಲೇಬೇಕು. ಕೆಲವು ಮನೆಗಳಲ್ಲಿ ಕೂಸನ್ನು ನೋಡಿಕೊಳ್ಳಲು ಎಂಟೊಂಬತ್ತು ವರ್ಷದ ಅಕ್ಕನನ್ನು ಶಾಲೆ ಬಿಡಿಸಿ ಕೂರಿಸುತ್ತಾರೆ. ಆ ಹುಡುಗಿಯೂ ಮಗುವೇ, ಅವಳ ಓದನ್ನು ಕಿತ್ತುಕೊಂಡು ಕಟ್ಟಿದ ಆಸರೆಯನ್ನು ನಾನು ಕೂಡು ಕುಟುಂಬದ ಸೊಬಗು ಎಂದು ಹೊಗಳಲಾರೆ. ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ಗಳು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಬಂದಿವೆ. ಅವು ಎಲ್ಲ ದುಡಿಯುವ ಮನೆಗಳಿಗೂ ದೊರೆಯಬೇಕು, ಅಲ್ಲಿನ ಆರೈಕೆಯವರು ತಿಂಗಳಿಗೊಬ್ಬರಂತೆ ಬದಲಾಗದೆ ನಿಲ್ಲುವಂತಿರಬೇಕು. ಕೂಸಿಗೆ ಕಟ್ಟಡಕ್ಕಿಂತ ಮುಖದ ಪರಿಚಯ ದೊಡ್ಡದು.

ಇನ್ನು ಎತ್ತಿಕೊಳ್ಳುವ ಪ್ರಶ್ನೆ. ಬಾಲ್ಟಿಮೋರಿನ ಅದೇ 26 ಮಕ್ಕಳ ದಾಖಲೆಗಳನ್ನು ಇಟ್ಟುಕೊಂಡು ಸಿಲ್ವಿಯಾ ಬೆಲ್ ಮತ್ತು ಐನ್ಸ್‌ವರ್ತ್ 1972ರಲ್ಲಿ ತೋರಿಸಿದ್ದು, ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗ ಓಗೊಡಿಸಿಕೊಂಡ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದರು, ಅಳುವ ಬದಲು ಸನ್ನೆ, ದನಿ, ಮುಖಭಾವಗಳಿಂದ ತಮಗೆ ಬೇಕಾದ್ದನ್ನು ತಿಳಿಸುತ್ತಿದ್ದರು ಎಂದು. ಎತ್ತಿಕೊಂಡರೆ ರೂಢಿಯಾಗುತ್ತದೆ ಎಂಬ ಮಾತಿಗೆ ಇದು ನೇರ ಉತ್ತರವಾಗಿ ಕಾಣುತ್ತದೆ. ಆದರೆ 1991ರಲ್ಲಿ ನೆದರ್‌ಲೆಂಡ್ಸ್‌ನ 50 ಮಕ್ಕಳನ್ನು ನೋಡಿದ ಇನ್ನೊಂದು ಅಧ್ಯಯನಕ್ಕೆ ಅದೇ ಫಲ ಸಿಗಲಿಲ್ಲ. ಸಣ್ಣ ಗೊಣಗಾಟಕ್ಕೆಲ್ಲ ಓಡಿ ಬರದೆ ತುಸು ತಾಳಿದ ಮನೆಗಳಲ್ಲಿ ಮಕ್ಕಳು ಹೆಚ್ಚು ಅಳುವವರಾಗಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗ ನಾನು ಬಾಣಂತಿಯರಿಗೆ ಹೇಳುವುದಿಷ್ಟು: ಮೊದಲ ತಿಂಗಳುಗಳ ಕೂಸು ಹಟ ಮಾಡಲು ಅಳುವುದಿಲ್ಲ, ಎತ್ತಿಕೊಂಡು ಕೆಡಿಸುತ್ತೇನೆಂದು ಹೆದರಬೇಡಿ. ಒಲೆಯ ಮೇಲೆ ಮುದ್ದೆಗೆ ಎಸರು ಇಟ್ಟಿದ್ದೀರಿ, ಕೈ ಬಿಡುವಿಲ್ಲ, ಎರಡು ನಿಮಿಷ ತಡವಾಯಿತು ಎಂದರೆ ಅದರಿಂದಲೂ ಏನೂ ಕೆಡುವುದಿಲ್ಲ. ಅಲ್ಲಿಂದಲೇ “ಬಂದೆ ಕಣಮ್ಮ, ಬಂದೆ” ಎಂದು ದನಿ ಕೊಡಿ. ಹುಟ್ಟಿ ಮೂರು ದಿನದೊಳಗಿನ ಕೂಸುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನು ಕೇಳಲೆಂದೇ ತಮ್ಮ ಚೀಪುವ ಲಯವನ್ನು ಬದಲಿಸಿಕೊಂಡವು ಎಂದು ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿಯೇ ತೋರಿಸಿದ್ದಾರೆ. ನಿಮ್ಮ ದನಿಯೇ ಒಂದು ಉತ್ತರ.

ತಡವಾಗುವುದು, ತಪ್ಪಾಗಿ ಅರ್ಥಮಾಡಿಕೊಳ್ಳುವುದು, ಹಸಿವೆಂದು ಹಾಲು ಕೊಟ್ಟರೆ ನಿದ್ದೆಯ ಅಳುವಾಗಿರುವುದು, ಇವೆಲ್ಲ ಸಾಕಾಣಿಕೆಯ ಭಾಗವೇ. ಇದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್. 1970ರ ದಶಕದ ಅವರ ‘ಸ್ತಬ್ಧ ಮುಖ’ ಪ್ರಯೋಗದಲ್ಲಿ, ಮಗುವಿನೊಂದಿಗೆ ನಗುತ್ತಾ ಮಾತಾಡುತ್ತಿದ್ದ ತಾಯಿ ಒಮ್ಮೆಲೇ ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಕೂರುತ್ತಾಳೆ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ದನಿ ಮಾಡಿ ಕರೆಯುತ್ತದೆ, ಉತ್ತರ ಬಾರದಿದ್ದಾಗ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಈ ಪ್ರಯೋಗದ ವಿಡಿಯೊ ನೋಡಿ ಕಣ್ಣೀರು ಹಾಕಿದವರು ಬಹಳ. ಆದರೆ ಟ್ರಾನಿಕ್ ಅವರ ಇನ್ನೊಂದು ಲೆಕ್ಕ ಅಷ್ಟೇ ಪ್ರಸಿದ್ಧವಾಗಬೇಕಿತ್ತು. ಸಹಜವಾಗಿ, ಚೆನ್ನಾಗಿಯೇ ಆಡುತ್ತಿರುವ ತಾಯಿ ಮತ್ತು ಮಗುವಿನ ಭಾವಗಳು ಒಂದಕ್ಕೊಂದು ಹೊಂದಿಕೊಂಡಿರುವುದು ಒಟ್ಟು ಸಮಯದ ಸುಮಾರು ಶೇ. 30 ಮಾತ್ರ. ಉಳಿದ ಹೊತ್ತೆಲ್ಲ ತಾಳ ತಪ್ಪುತ್ತದೆ, ಮರುಕ್ಷಣ ಯಾರಾದರೊಬ್ಬರು ಸರಿಮಾಡಿಕೊಳ್ಳುತ್ತಾರೆ. ತಪ್ಪಿದ್ದು ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಕೂಸು ಕಲಿಯುವುದೇ ಈ ಸರಿಮಾಡಿಕೊಳ್ಳುವಿಕೆಯಿಂದ ಎನ್ನುವುದು ಅವರ ವಾದ. ನನಗೆ ಅದು ಮನವರಿಕೆಯಾಗಿದೆ.

ನಮ್ಮ ಅತ್ತಿಗೆ ಮೊಮ್ಮಗಳಿಗೆ ನೀರು ಹಾಕುವುದನ್ನು ಬಚ್ಚಲ ಬಾಗಿಲಲ್ಲಿ ನಿಂತು ನೋಡಿದರೆ ಇದು ಅಕ್ಷರಶಃ ಕಾಣಿಸುತ್ತದೆ. ಕಾಲು ನೀಡಿ ಕೂತು, ಎರಡು ಕಾಲುಗಳ ಮೇಲೆ ಕೂಸನ್ನು ಅಂಗಾತ ಮಲಗಿಸಿಕೊಂಡು, ಎಡಗೈಯನ್ನು ಅದರ ಹಣೆಗೆ ಅಡ್ಡ ಹಿಡಿದು, ಚೊಂಬನ್ನು ಎತ್ತಿ “ಹಾಕ್ಲಾ? ಹಾಕ್ಬಿಡ್ಲಾ?” ಎನ್ನುತ್ತಾರೆ. ಮಗು ಕಣ್ಣು ಮುಚ್ಚಿ, ಉಸಿರು ಹಿಡಿದು, ಕಾಲು ಝಾಡಿಸುತ್ತದೆ. ಆ ಉಸಿರು ಹಿಡಿಯುವವರೆಗೂ ಅವರು ಕಾಯುತ್ತಾರೆ, ನೀರು ಬೀಳುವುದು ಆಮೇಲೆ. ಎಂದಾದರೂ ಅಂದಾಜು ತಪ್ಪಿ ಮೂಗಿಗೆ ನೀರು ಹೋಯಿತೆಂದರೆ ಕೂಸು ಚೀರುತ್ತದೆ, ಇವರು ತಟ್ಟನೆ ಎತ್ತಿ ಹೆಗಲಿಗೆ ಹಾಕಿಕೊಂಡು, “ಆಯ್ತು ಆಯ್ತು, ಅಜ್ಜಿದೇ ತಪ್ಪು ನನ್ ಬಂಗಾರ” ಎಂದು ಬೆನ್ನು ಸವರುತ್ತಾರೆ. ಅಳು ಬಿಕ್ಕಳಿಕೆಗೆ ಇಳಿದ ಮೇಲೆ ಮತ್ತೆ ಕಾಲ ಮೇಲೆ ಮಲಗಿಸಿ, ಮತ್ತೆ ಅದೇ “ಹಾಕ್ಲಾ?” ಕೇಳುತ್ತಾರೆ. ಹತ್ತು ನಿಮಿಷದ ಎಣ್ಣೆನೀರಿನಲ್ಲಿ ಕೇಳುವುದು, ಕಾಯುವುದು, ತಪ್ಪುವುದು, ಸರಿಪಡಿಸುವುದು ಎಲ್ಲವೂ ನಡೆದುಹೋಗುತ್ತದೆ. (ಕಿವಿಗೂ ಮೂಗಿಗೂ ಎಣ್ಣೆ ಬಿಡುವುದನ್ನು ಮಾತ್ರ ಮಕ್ಕಳ ವೈದ್ಯರು ಬೇಡವೆನ್ನುತ್ತಾರೆ, ಅದು ಸರಿಯಾದ ಮಾತು.)

ಮಾತು ಕಲಿಯುವ ವಿಷಯದಲ್ಲೂ ಎದುರಿಗೊಬ್ಬರು ಇರುವುದು ಎಷ್ಟು ಮುಖ್ಯ ಎಂಬುದಕ್ಕೆ ಸೊಗಸಾದ ಪುರಾವೆಗಳಿವೆ. ಜಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ‘ತ’ ಮತ್ತು ‘ಟ’ ಬೇರೆ ಬೇರೆ ಎಂದು ಗುರುತಿಸಿದವು, ಅವುಗಳ ತಂದೆತಾಯಿಯರಿಗೆ ಕೇಳಿಸದ ವ್ಯತ್ಯಾಸ ಅದು. ಹತ್ತರಿಂದ ಹನ್ನೆರಡು ತಿಂಗಳಿಗೆ ಬರುವಷ್ಟರಲ್ಲಿ ಬಹುಪಾಲು ಕೂಸುಗಳಲ್ಲಿ ಆ ಶಕ್ತಿ ಅಡಗಿತ್ತು, ಹಿಂದಿ ಕೇಳಿ ಬೆಳೆಯುವ ಮಕ್ಕಳಲ್ಲಿ ಉಳಿದಿತ್ತು. ಮೊದಲ ಮಾತು ಆಡುವ ಮುಂಚೆಯೇ ಕಿವಿ ತನ್ನ ಸುತ್ತಲಿನ ಭಾಷೆಗೆ ಹದಗೊಂಡಿರುತ್ತದೆ ಎಂದಾಯಿತು. ಬಾಗೇಪಲ್ಲಿ, ಗೌರಿಬಿದನೂರಿನ ಕಡೆ ಅಜ್ಜಿ ತೆಲುಗಿನಲ್ಲೂ ಅಮ್ಮ ಕನ್ನಡದಲ್ಲೂ ಆಡಿಸುವ ಮನೆಗಳು ಎಷ್ಟೋ ಇವೆ. ಎರಡು ಭಾಷೆ ಬಿದ್ದರೆ ಮಗುವಿಗೆ ಗೊಂದಲವಾಗುತ್ತದೆ ಎಂದು ಹೆದರಿ ಅಜ್ಜಿಯ ಬಾಯಿ ಕಟ್ಟಬೇಕಾದ ಅಗತ್ಯವಿಲ್ಲ. ಅಜ್ಜಿ ತನ್ನ ಭಾಷೆಯಲ್ಲಿ ಧಾರಾಳವಾಗಿ ಮಾತಾಡಲಿ.

ಅಜ್ಜಿಯ ಜಾಗದಲ್ಲಿ ಮೊಬೈಲ್ ಬಂದು ಕೂರುವುದು ಬೇರೆ ವಿಷಯ. ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ, ಅಮೆರಿಕದ ಒಂಬತ್ತು ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆಯನ್ನು 25 ನಿಮಿಷಗಳ 12 ಅವಧಿಗಳಲ್ಲಿ ಕೇಳಿಸಿದರು. ಎದುರಿಗೆ ಕೂತು ಆಡಿಸಿ ಮಾತಾಡಿದವರಿಂದ ಮಕ್ಕಳು ಆ ಭಾಷೆಯ ಧ್ವನಿಗಳನ್ನು ಹಿಡಿದವು. ಅದೇ ಜನ, ಅದೇ ಮಾತು ಪರದೆಯ ಮೇಲೆ ಬಂದಾಗ ಏನೂ ಹಿಡಿಯಲಿಲ್ಲ. ರಾಗಿ ಸರಿ ತಿನ್ನಿಸುವಾಗ ಫೋನಿನಲ್ಲಿ ಹಾಡು ಹಾಕಿ ಬಾಯಿಗೆ ಚಮಚ ತುರುಕುವ ಮನೆಗಳಲ್ಲಿ ತುತ್ತು ಹೊಟ್ಟೆಗೆ ಹೋಗುತ್ತದೆ, ಮಾತು ಹೋಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಉಳಿಯುವ ಪ್ರಶ್ನೆ, ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು, ಓಗೊಡಬೇಕಾದವರ ಸ್ಥಿತಿ ಏನು ಎಂಬುದು. ನಮ್ಮ ಬಾಣಂತನದಲ್ಲಿ ಮೈಗೆ ಎಷ್ಟು ಉಪಚಾರ ಉಂಟೋ ಮನಸ್ಸಿಗೆ ಅಷ್ಟು ಇಲ್ಲ. ಎಣ್ಣೆ, ಬಿಸಿನೀರು, ಸಾಂಬ್ರಾಣಿ, ಪಥ್ಯ, ಕಿವಿಗೆ ಹತ್ತಿ, ಎಲ್ಲವೂ ಲೆಕ್ಕಕ್ಕೆ ತಪ್ಪದೆ ನಡೆಯುತ್ತವೆ. ಬಾಣಂತಿ ಗೋಡೆಗೆ ಮುಖ ಮಾಡಿ ಮಲಗಿದ್ದರೆ, ಮಗು ಅತ್ತರೂ ಅವಳ ಮುಖ ಕದಲದಿದ್ದರೆ, ‘ಸುಸ್ತು’ ಅಥವಾ ‘ಸೋಮಾರಿತನ’ ಎಂದು ಹೇಳಿ ಮುಂದೆ ಹೋಗುತ್ತಾರೆ. ಭಾರತದ 38 ಅಧ್ಯಯನಗಳ, ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು ಕೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಬಂದ ಲೇಖನವೊಂದು, ಹೆರಿಗೆಯ ನಂತರದ ಖಿನ್ನತೆ ನೂರಕ್ಕೆ 22 ತಾಯಂದಿರಲ್ಲಿ ಇದೆ ಎಂದು ಅಂದಾಜು ಮಾಡಿದೆ. ಐದು ಬಾಣಂತಿಯರಲ್ಲಿ ಒಬ್ಬಳು. ಟ್ರಾನಿಕ್ ಅವರ ಪ್ರಯೋಗದ ತಾಯಿಗೆ ಎರಡು ನಿಮಿಷದ ನಂತರ ನಗಬಹುದು ಎಂದು ಹೇಳಿರುತ್ತಾರೆ, ಇವಳಿಗೆ ಹಾಗೆ ಹೇಳುವವರಿಲ್ಲ. ಹೆಣ್ಣು ಹೆತ್ತಳೆಂದು ಅತ್ತೆ ಮನೆಯವರು ನೋಡಲು ಬಾರದಿರುವುದು, ಗಂಡನ ಕುಡಿತ, ಸಾಲ, ನಿದ್ದೆಯಿಲ್ಲದ ರಾತ್ರಿಗಳು ಅವಳನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತವೆ. ಇಂಥವಳಿಗೆ “ಮಗುವಿನ ಭವಿಷ್ಯ ನಿನ್ನ ಕೈಯಲ್ಲಿದೆ” ಎಂದು ಉಪದೇಶ ಮಾಡುವುದು ಕ್ರೌರ್ಯ ಎಂದೇ ನನ್ನ ಅಭಿಪ್ರಾಯ.

ಮಾಡಬಹುದಾದದ್ದು ಏನು ಎಂಬುದಕ್ಕೆ ನಮ್ಮಂಥದ್ದೇ ಹಳ್ಳಿಗಾಡಿನಿಂದ ಉತ್ತರ ಬಂದಿದೆ. ಪಾಕಿಸ್ತಾನದ ರಾವಲ್ಪಿಂಡಿ ಕಡೆಯ ಹಳ್ಳಿಗಳಲ್ಲಿ ಆತಿಫ್ ರೆಹಮಾನ್ ಮತ್ತು ಸಂಗಡಿಗರು, ಖಿನ್ನತೆಯಿದ್ದ 903 ಗರ್ಭಿಣಿಯರ ಮನೆಗಳಿಗೆ ಊರಿನ ಆರೋಗ್ಯ ಕಾರ್ಯಕರ್ತೆಯರನ್ನೇ ಕಳಿಸಿದರು. ಅರ್ಧದಷ್ಟು ಊರುಗಳ ಕಾರ್ಯಕರ್ತೆಯರಿಗೆ ತಾಯಿಯ ಕಷ್ಟವನ್ನು ಕೇಳಿಸಿಕೊಳ್ಳುವ, ಅವಳ ಯೋಚನೆಗಳ ಗಂಟನ್ನು ಬಿಡಿಸುವ, ಮನೆಯವರನ್ನೂ ಸೇರಿಸಿಕೊಂಡು ಮಾತಾಡುವ ತರಬೇತಿ ಕೊಟ್ಟಿದ್ದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆರಿಗೆಯಾದ ಆರು ತಿಂಗಳ ಮೇಲೆ ತರಬೇತಿ ಪಡೆದವರು ಹೋದ ಮನೆಗಳಲ್ಲಿ ಶೇ. 23 ತಾಯಂದಿರಲ್ಲಿ ಖಿನ್ನತೆ ಉಳಿದಿತ್ತು, ಉಳಿದ ಮನೆಗಳಲ್ಲಿ ಶೇ. 53. ಅಷ್ಟೇ ಅಲ್ಲ, ಆ ಮನೆಗಳಲ್ಲಿ ತಾಯಿಯೂ ತಂದೆಯೂ ಮಗುವಿನೊಂದಿಗೆ ಆಡುವ ಸಮಯ ಹೆಚ್ಚಿತ್ತು. ತಂದೆಯ ಮಾತು ಇಷ್ಟು ತಡವಾಗಿ ಬಂದದ್ದಕ್ಕೆ ಕಾರಣ, ಈ ಕ್ಷೇತ್ರದ ಹಳೆಯ ಅಧ್ಯಯನಗಳಲ್ಲಿ ಅವನ ಜಾಗ ಕಿರಿದಾಗಿತ್ತು. ಗ್ಲಾಸ್ಗೋದ ಮಕ್ಕಳು ಅವನನ್ನು ಹಚ್ಚಿಕೊಂಡಿದ್ದರು ಎಂಬುದಂತೂ ದಾಖಲೆಯಲ್ಲಿದೆ.

ನಮ್ಮಲ್ಲಿ ಈ ಕೆಲಸಕ್ಕೆ ಬೇಕಾದ ಹೆಜ್ಜೆಗಳು ಆಗಲೇ ಊರೊಳಗೆ ನಡೆಯುತ್ತಿವೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ ಮೊದಲ 42 ದಿನಗಳಲ್ಲಿ ಆರು ಬಾರಿ ಮನೆಗೆ ಬರಬೇಕೆಂಬ ನಿಯಮವಿದೆ, ಆಮೇಲೆ ಮೂರು, ಆರು, ಒಂಬತ್ತು, ಹನ್ನೆರಡು ಮತ್ತು ಹದಿನೈದನೆಯ ತಿಂಗಳುಗಳಲ್ಲಿ ಮತ್ತೆ ಐದು ಬಾರಿ. ತೂಕ, ಚುಚ್ಚುಮದ್ದು, ಎದೆಹಾಲು, ಜ್ವರ, ಎಲ್ಲವನ್ನೂ ಅವರು ವಿಚಾರಿಸುತ್ತಾರೆ. ಅಷ್ಟು ಕೆಲಸಕ್ಕೆ ಅವರಿಗೆ ಸಿಗುವ ಗೌರವಧನ ಕಡಿಮೆ ಎಂಬುದೂ ನಿಜ, ಅದನ್ನು ಹೆಚ್ಚಿಸದೆ ಹೊಸ ಹೊರೆ ಹೊರಿಸಬಾರದು ಎಂಬುದೂ ನಿಜ. ಆದರೂ ಆ ಹನ್ನೊಂದು ಭೇಟಿಗಳಲ್ಲಿ ಮನೆಯ ಹಿರಿಯರನ್ನು ಸ್ವಲ್ಪ ಆಚೆಗೆ ಕಳಿಸಿ, “ನಿನಗೆ ಹೇಗನ್ನಿಸ್ತಿದೆ ಕಣಮ್ಮ? ರಾತ್ರಿ ಮಗು ಮಲಗಿದಾಗಲಾದ್ರೂ ನಿದ್ದೆ ಬರುತ್ತಾ?” ಎಂದು ಬಾಣಂತಿಯನ್ನೇ ಕೇಳುವುದು ಸೇರಬೇಕು. ಅವರು ಕೇಳದಿದ್ದರೆ ಅತ್ತೆಯೋ ಅಮ್ಮನೋ ನಾದಿನಿಯೋ ಗಂಡನೋ ಕೇಳಬಹುದು. ಎರಡು ವಾರ ಕಳೆದರೂ ಅಳು, ಬೇಸರ, ಮಗುವಿನ ಮೇಲೆ ನಿರಾಸಕ್ತಿ ಹೋಗದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಬೇಕು, ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗೂ ಬರಬಹುದು. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಬಾಯಿಗೆ ಬಂದರೆ ಒಂದು ದಿನವೂ ಕಾಯಬಾರದು, ಅವಳನ್ನು ಒಂಟಿಯಾಗಿ ಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಅಗಲಿಸದೆ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ಘಟಕವಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡುತ್ತಾರೆ.